ಹಿಮದಡಿಯ ಸಿಹಿನೀರನ್ನು ಅಳೆದ ನಾನ್ಸೆನ್

ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಫ್ರಿಡ್ಜೋಫ್ ನಾನ್ಸೆನ್ ಅವರ ಹೆಸರು 1922ರ ನೊಬೆಲ್ ಶಾಂತಿ ಪ್ರಶಸ್ತಿಯ ಪಟ್ಟಿಯಲ್ಲಿ ಸಿಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಅಷ್ಟನ್ನು ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಆದರೆ ಉತ್ತರ ಧ್ರುವದ ಸಮುದ್ರ ಏಕೆ ಹೆಪ್ಪುಗಟ್ಟಿ ನಿಂತಿದೆ ಎಂಬ ಪ್ರಶ್ನೆಗೆ ಉತ್ತರದ ಮೊದಲ ಅಂಕಿಗಳನ್ನು ತಂದವರು ಇವರೇ. ಆ ಅಂಕಿಗಳಿಗಾಗಿ ಅವರು ತಮ್ಮ ಜೀವವನ್ನೂ ಹನ್ನೆರಡು ಸಂಗಡಿಗರ ಜೀವವನ್ನೂ ಪಣಕ್ಕಿಟ್ಟಿದ್ದರು.

ನಾನ್ಸೆನ್ ಜನಿಸಿದ್ದು 1861ರ ಅಕ್ಟೋಬರ್ 10ರಂದು, ನಾರ್ವೆಯ ರಾಜಧಾನಿ ಕ್ರಿಸ್ಟಿಯಾನಿಯಾದ ಬಳಿ. ಇಂದು ಆ ನಗರದ ಹೆಸರು ಓಸ್ಲೊ. ಬಾಲ್ಯದಿಂದಲೂ ಹಿಮದ ಮೇಲೆ ಜಾರುವ ಸ್ಕೀ ಆಟದಲ್ಲಿ ನಿಪುಣರು. ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡರು. 1882ರಲ್ಲಿ ಸೀಲ್ ಬೇಟೆಯ ಹಡಗೊಂದರಲ್ಲಿ ಗ್ರೀನ್‌ಲ್ಯಾಂಡ್ ಕಡೆಯ ಸಮುದ್ರಕ್ಕೆ ಹೋದಾಗ ಮಂಜುಗಡ್ಡೆಗಳ ನಡುವೆ ತೇಲಿಬಂದ ಮರದ ದಿಮ್ಮಿಗಳನ್ನು ಕಂಡರು. ಗ್ರೀನ್‌ಲ್ಯಾಂಡಿನಲ್ಲಿ ಅಂಥ ಮರಗಳಿಲ್ಲ. 1888ರಲ್ಲಿ ನರಮಂಡಲದ ಮೇಲಿನ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. ಅದೇ ವರ್ಷ ಐವರು ಸಂಗಡಿಗರೊಡನೆ ಗ್ರೀನ್‌ಲ್ಯಾಂಡಿನ ಹಿಮಪ್ರಸ್ಥಭೂಮಿಯನ್ನು ಸ್ಕೀ ಮೇಲೆ ದಾಟಿ ಪ್ರಸಿದ್ಧರಾದರು.

ಅವರ ತಲೆಯಲ್ಲಿ ಕೊರೆಯುತ್ತಿದ್ದ ವಿಷಯ ಮಾತ್ರ ಬೇರೆ. ಜೀನೆಟ್ ಎಂಬ ಅಮೆರಿಕನ್ ಹಡಗು 1881ರಲ್ಲಿ ಸೈಬೀರಿಯಾದ ಉತ್ತರಕ್ಕೆ ಮಂಜುಗಡ್ಡೆಯ ಒತ್ತಡದಿಂದ ಒಡೆದು ಮುಳುಗಿತ್ತು. ಮೂರು ವರ್ಷಗಳ ಮೇಲೆ, ಅಂದರೆ 1884ರಲ್ಲಿ, ಅದರ ಸಾಮಾನುಗಳು ಗ್ರೀನ್‌ಲ್ಯಾಂಡಿನ ನೈಋತ್ಯ ತೀರದಲ್ಲಿ ಸಿಕ್ಕವು. ಹಾಗಾದರೆ ಸೈಬೀರಿಯಾದಿಂದ ಧ್ರುವದ ಕಡೆಗೆ, ಅಲ್ಲಿಂದ ಗ್ರೀನ್‌ಲ್ಯಾಂಡಿಗೆ ಹಿಮವನ್ನು ಹೊತ್ತೊಯ್ಯುವ ಒಂದು ಪ್ರವಾಹ ಇರಲೇಬೇಕು. ಹಿಮದೊಡನೆ ಹೋರಾಡುವ ಬದಲು ಬೇಕೆಂದೇ ಅದರಲ್ಲಿ ಸಿಕ್ಕಿಕೊಂಡು ಅದು ಕರೆದೊಯ್ದತ್ತ ಹೋದರೇನು ಎಂದು ನಾನ್ಸೆನ್ ಯೋಚಿಸಿದರು.

1892ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಈ ಯೋಜನೆಯನ್ನು ಮಂಡಿಸಿದಾಗ ಅನುಭವಿ ಧ್ರುವಯಾನಿಗಳು ಹಲವರು ತಲೆಯಾಡಿಸಿದರು. ಅಮೆರಿಕದ ಗ್ರೀಲಿಯಂತೂ ಇದನ್ನು ಬಹಿರಂಗವಾಗಿ ಖಂಡಿಸಿದರು. ಅವರನ್ನು ದೂರುವಂತಿಲ್ಲ. ಗ್ರೀಲಿಯವರ ತಂಡದ ಹೆಚ್ಚಿನವರು ಆ ಹಿಮದಲ್ಲೇ ಸತ್ತಿದ್ದರು. ನಾನ್ಸೆನ್ ಹಿಂಜರಿಯಲಿಲ್ಲ. ಕಾಲಿನ್ ಆರ್ಚರ್ ಎಂಬ ನಿಪುಣರಿಂದ 'ಫ್ರಾಮ್' ಎಂಬ ಹಡಗನ್ನು ಕಟ್ಟಿಸಿದರು. ಅದರ ಹೊಟ್ಟೆ ದುಂಡಗಿತ್ತು. ಮಂಜುಗಡ್ಡೆ ಎರಡೂ ಕಡೆಯಿಂದ ಒತ್ತಿದರೆ ಹಡಗು ಒಡೆಯುವ ಬದಲು ಮೇಲಕ್ಕೆ ಜಾರಬೇಕು ಎಂಬುದು ಲೆಕ್ಕಾಚಾರ. 1893ರ ಜೂನ್ 24ರಂದು ಹದಿಮೂರು ಮಂದಿ ಹೊರಟರು. ಆಗ ನಾನ್ಸೆನ್ ಅವರ ಮಗಳು ಲಿವ್ ಇನ್ನೂ ಆರು ತಿಂಗಳ ಕೂಸು.

ಸೈಬೀರಿಯಾದ ತೀರದಲ್ಲಿ ಆಗಸ್ಟ್ ತಿಂಗಳ ಕೊನೆಗೆ ಒಂದು ವಿಚಿತ್ರ ನಡೆಯಿತು. ಸಮುದ್ರ ಶಾಂತವಾಗಿದೆ, ಎಂಜಿನ್ ಪೂರ್ಣ ಬಲದಿಂದ ಓಡುತ್ತಿದೆ. ಆದರೂ ಹಡಗನ್ನು ಯಾರೋ ಹಿಂದಿನಿಂದ ಹಿಡಿದೆಳೆದಂತೆ ಅದು ಆಮೆಯ ನಡಿಗೆಗೆ ಇಳಿಯಿತು. ನಾವಿಕರು ಇದನ್ನು 'ಸತ್ತ ನೀರು' ಎನ್ನುತ್ತಿದ್ದರು. ಅಲ್ಲಿ ಉಪ್ಪುನೀರಿನ ಮೇಲೆ ಸಿಹಿನೀರಿನ ತೆಳು ಪದರ ಹರಡಿರುವುದನ್ನು ನಾನ್ಸೆನ್ ಗುರುತಿಸಿ ಬರೆದಿಟ್ಟುಕೊಂಡರು. ಎಕ್ಮನ್ ಎಂಬ ಸ್ವೀಡನ್ನಿನ ತರುಣ ವಿಜ್ಞಾನಿ ಮುಂದೆ ತೊಟ್ಟಿಯಲ್ಲಿ ಪ್ರಯೋಗ ನಡೆಸಿ 1904ರಲ್ಲಿ ಕಾರಣ ತಿಳಿಸಿದರು. ಹಡಗಿನ ಶಕ್ತಿಯೆಲ್ಲ ಎರಡು ನೀರುಗಳ ಗಡಿಯಲ್ಲಿ, ಕಣ್ಣಿಗೆ ಕಾಣದ ಅಲೆಗಳನ್ನು ಎಬ್ಬಿಸುವುದರಲ್ಲೇ ವ್ಯಯವಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಫ್ರಾಮ್ ಹಿಮದಲ್ಲಿ ಸಿಕ್ಕಿಕೊಂಡಿತು. ಮಂಜುಗಡ್ಡೆ ಒತ್ತಿದಾಗ ಲೆಕ್ಕ ಹಾಕಿದಂತೆಯೇ ಹಡಗು ಮೇಲೆದ್ದಿತು. ಮುಂದಿನದೆಲ್ಲ ಅಳತೆಯ ಕೆಲಸ. ಧ್ರುವದ ಸಮುದ್ರ ಆಳವಿಲ್ಲದ್ದು ಎಂದು ನಾನ್ಸೆನ್ ಕೂಡ ನಂಬಿದ್ದರು. ಇಳಿಬಿಟ್ಟ ಹಗ್ಗ ತಳ ಮುಟ್ಟಲೇ ಇಲ್ಲ! ಕೊನೆಗೆ ಹಡಗಿನ ಉಕ್ಕಿನ ಹಗ್ಗವೊಂದರ ಎಳೆಗಳನ್ನು ಬಿಚ್ಚಿ, ಕೊರೆಯುವ ಚಳಿಯಲ್ಲಿ ಅವನ್ನೇ ಹೊಸೆದು ಜೋಡಿಸಿ ಉದ್ದದ ಹಗ್ಗ ಮಾಡಿದರು. ಆಳ 3000 ಮೀಟರಿಗೂ ಮಿಕ್ಕಿತ್ತು.

ಆಳಕ್ಕಿಂತ ದೊಡ್ಡ ಆಶ್ಚರ್ಯ ಉಷ್ಣತೆಯಲ್ಲಿತ್ತು. ಮೇಲಿನ ಸುಮಾರು 200 ಮೀಟರ್ ನೀರು ಕೊರೆಯುವಷ್ಟು ತಣ್ಣಗೆ. ಅದಕ್ಕೂ ಕೆಳಗೆ ಸೊನ್ನೆ ಡಿಗ್ರಿಗಿಂತ ಬೆಚ್ಚನೆಯ ನೀರು! ಬಿಸಿ ನೀರು ಮೇಲೆ, ತಣ್ಣೀರು ಕೆಳಗೆ ಎಂದು ನಾವು ತರಗತಿಯಲ್ಲಿ ಹೇಳಿಕೊಡುವುದಕ್ಕೆ ಇದು ತಲೆಕೆಳಗು. ಇದರ ಗುಟ್ಟು ಉಪ್ಪಿನಲ್ಲಿದೆ. ಲೋಟದ ತಳಕ್ಕೆ ಶರಬತ್ತಿನ ಪಾಕ ಹಾಕಿ ಮೇಲೆ ಮೆಲ್ಲಗೆ ನೀರು ಸುರಿದರೆ ಎರಡೂ ಬೇಗ ಬೆರೆಯುವುದಿಲ್ಲ. ಓಬ್, ಯೆನಿಸಿ, ಲೇನಾ ಮೊದಲಾದ ಮಹಾನದಿಗಳು ಈ ಸಮುದ್ರಕ್ಕೆ ಸಿಹಿನೀರು ಸುರಿಯುತ್ತವೆ. ಜಗತ್ತಿನ ನದಿಗಳೆಲ್ಲ ಸಾಗರಕ್ಕೆ ಒಯ್ಯುವ ನೀರಿನಲ್ಲಿ ಸುಮಾರು ಹತ್ತನೇ ಒಂದು ಪಾಲು ಈ ಪುಟ್ಟ ಸಾಗರಕ್ಕೇ ಬಂದು ಸೇರುತ್ತದೆ. ಹೀಗೆ ಉಪ್ಪು ಕಡಿಮೆಯಾದ ನೀರು ತಣ್ಣಗಿದ್ದರೂ ಹಗುರವಾಗಿ ಮೇಲೆ ನಿಲ್ಲುತ್ತದೆ. ಅಟ್ಲಾಂಟಿಕ್‌ನಿಂದ ಬಂದ ಬೆಚ್ಚನೆಯ ನೀರು ಉಪ್ಪಿನ ಭಾರದಿಂದ ಅದರಡಿಗೆ ನುಸುಳುತ್ತದೆ.

ಹಿಮಕ್ಕೂ ಇದಕ್ಕೂ ಏನು ಸಂಬಂಧ? ಸಾಮಾನ್ಯ ಸಮುದ್ರದ ಉಪ್ಪುನೀರು ತಣ್ಣಗಾದಷ್ಟೂ ಭಾರವಾಗಿ ಮುಳುಗುತ್ತದೆ, ಕೆಳಗಿನ ನೀರು ಮೇಲೆ ಬರುತ್ತದೆ. ಹೀಗಾಗಿ ಮೇಲ್ಮೈ ಹೆಪ್ಪುಗಟ್ಟಬೇಕಾದರೆ ಬಹಳ ಆಳದವರೆಗೆ ನೀರು ತಣಿಯಬೇಕು. ಹಗುರ ನೀರಿನ ಹೊದಿಕೆ ಇದ್ದರೆ ಅದಷ್ಟೇ ತಣಿದರೆ ಸಾಕು. ಹಿಮ ಬೇಗ ಕಟ್ಟುತ್ತದೆ, ಅಡಿಯ ಶಾಖ ಅದನ್ನು ತಲುಪುವುದಿಲ್ಲ. ಹೆಪ್ಪುಗಟ್ಟುವಾಗ ಮಂಜುಗಡ್ಡೆ ಉಪ್ಪಿನ ಬಹುಭಾಗವನ್ನು ಹೊರದೂಡುತ್ತದೆ. ಆದ್ದರಿಂದ ತೇಲಿ ಹೋಗುವ ಪ್ರತಿ ಮಂಜುಗಡ್ಡೆಯೂ ಒಂದರ್ಥದಲ್ಲಿ ಪ್ರಯಾಣ ಹೊರಟ ಸಿಹಿನೀರು.

ಪ್ರವಾಹ ತಮ್ಮನ್ನು ಧ್ರುವಕ್ಕೆ ಒಯ್ಯದು ಎಂದು ತಿಳಿದಾಗ ನಾನ್ಸೆನ್ 1895ರ ಮಾರ್ಚಿನಲ್ಲಿ ಯೊಹಾನ್ಸೆನ್ ಎಂಬ ಸಂಗಡಿಗನೊಡನೆ, ನಾಯಿಗಳು ಎಳೆಯುವ ಜಾರುಬಂಡಿಗಳಲ್ಲಿ ಹೊರಟರು. ಏಪ್ರಿಲ್ ಮೊದಲ ವಾರ 86 ಡಿಗ್ರಿ 14 ಮಿನಿಟು ಉತ್ತರ ಅಕ್ಷಾಂಶ ದಾಟುವ ಮೊದಲೇ ಹಿಂತಿರುಗಬೇಕಾಯಿತು. ಅಲ್ಲಿಯವರೆಗೆ ಯಾವ ಮನುಷ್ಯನೂ ಅಷ್ಟು ಉತ್ತರಕ್ಕೆ ಹೋಗಿರಲಿಲ್ಲ, ಆದರೆ ಧ್ರುವ ಸಿಗಲಿಲ್ಲ. ಫ್ರಾಂಜ್ ಜೋಸೆಫ್ ದ್ವೀಪಗಳಲ್ಲಿ ಕಲ್ಲಿನ ಗುಡಿಸಲು ಕಟ್ಟಿ, ಹಿಮಕರಡಿಯ ಮಾಂಸ ತಿಂದು ಚಳಿಗಾಲ ಕಳೆದರು. 1896ರ ಆಗಸ್ಟಿನಲ್ಲಿ ಅವರು ನಾರ್ವೆಗೆ ಮರಳಿದ ಒಂದೇ ವಾರದಲ್ಲಿ ಫ್ರಾಮ್ ಕೂಡ ಬಂದು ಸೇರಿತು. ಹದಿಮೂರು ಮಂದಿಯೂ ಕ್ಷೇಮ.

ಜನ ಈ ಸಾಹಸಕ್ಕೆ ಹಾರ ಹಾಕಿದರು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ಆರು ಸಂಪುಟಗಳಲ್ಲಿ ಪ್ರಕಟವಾದ ಅಳತೆಗಳು. ಹಿಮ ಗಾಳಿ ಬೀಸಿದತ್ತಲೇ ಹೋಗದೆ 20ರಿಂದ 40 ಡಿಗ್ರಿ ಬಲಕ್ಕೆ ಸರಿಯುತ್ತದೆ ಎಂಬ ನಾನ್ಸೆನ್ ಅವರ ಟಿಪ್ಪಣಿಯಿಂದಲೇ, ಭೂಮಿಯ ತಿರುಗುವಿಕೆ ಸಮುದ್ರ ಪ್ರವಾಹವನ್ನು ಹೇಗೆ ಬಾಗಿಸುತ್ತದೆ ಎಂಬ ಎಕ್ಮನ್ ಸಿದ್ಧಾಂತ ಹುಟ್ಟಿತು. ಆಳದ ನೀರಿನ ಲವಣಾಂಶದ ಅಂಕಿಗಳು ಮಾತ್ರ ನಿಜಕ್ಕಿಂತ ಹೆಚ್ಚಾಗಿದ್ದವು. ಅದು ತಿಳಿದ ನಾನ್ಸೆನ್ ಮುಂದಿನ ವರ್ಷಗಳಲ್ಲಿ ಉಪಕರಣಗಳನ್ನು ಸುಧಾರಿಸುವುದಕ್ಕೇ ಶ್ರಮಿಸಿದರು. ಆಳದ ನೀರನ್ನು ಹಿಡಿದು ತರುವ 'ನಾನ್ಸೆನ್ ಬಾಟಲ್' ದಶಕಗಳ ಕಾಲ ಎಲ್ಲ ಸಂಶೋಧನಾ ಹಡಗುಗಳಲ್ಲೂ ಇತ್ತು. ಗ್ರೀನ್‌ಲ್ಯಾಂಡ್ ಸಮುದ್ರದಲ್ಲಿ ಚಳಿಗಾಲದ ನೀರು ತಣಿದು ತಳಕ್ಕಿಳಿಯುತ್ತದೆ ಎಂದೂ ಅವರು ತೋರಿಸಿದರು. 1960ರ ದಶಕದ ಕೊನೆಗೆ ಧ್ರುವದಿಂದ ಅತಿಯಾದ ಹಿಮ ಮತ್ತು ಸಿಹಿನೀರು ಹೊರಬಿದ್ದು ಅಟ್ಲಾಂಟಿಕ್‌ನ ಉತ್ತರಭಾಗದಲ್ಲಿ ಹರಡಿತು. ಮೇಲ್ಮೈ ಹಗುರವಾಗಿ ಕೆನಡಾದ ಬಳಿಯ ಲ್ಯಾಬ್ರಡಾರ್ ಸಮುದ್ರದಲ್ಲಿ ಕೆಲವು ಚಳಿಗಾಲ ನೀರು ಆಳಕ್ಕೆ ಇಳಿಯುವುದೇ ನಿಂತಿತು. ಆ ಹಿಮ ಹಾದುಬಂದ ಜಲಸಂಧಿಯ ಹೆಸರೇ ಫ್ರಾಮ್.

ಮೊದಲ ಮಹಾಯುದ್ಧದ ನಂತರ ರಾಷ್ಟ್ರಗಳ ಒಕ್ಕೂಟ ನಾನ್ಸೆನ್ ಅವರಿಗೆ ಬೇರೆ ಹೊಣೆ ಹೊರಿಸಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಅವರು ಮನೆ ಸೇರಿಸಿದರು. ದೇಶವಿಲ್ಲದ ನಿರಾಶ್ರಿತರಿಗೆ 1922ರಲ್ಲಿ 'ನಾನ್ಸೆನ್ ಪಾಸ್‌ಪೋರ್ಟ್' ದೊರಕಿಸಿಕೊಟ್ಟರು. ಗ್ರೀಸ್ ಮತ್ತು ಟರ್ಕಿಗಳ ನಡುವೆ 1923ರಲ್ಲಿ ಒಪ್ಪಂದವಾದ ಜನವಿನಿಮಯದಲ್ಲೂ ಅವರ ಪಾತ್ರವಿತ್ತು. ಗ್ರೀಸಿನ ಮುಸ್ಲಿಮರೂ ಟರ್ಕಿಯ ಕ್ರೈಸ್ತರೂ ಬಲವಂತವಾಗಿ ಹುಟ್ಟೂರು ಬಿಡಬೇಕಾದ ಆ ಏರ್ಪಾಡು ಇಂದಿಗೂ ವಿವಾದದ ವಿಷಯ. 1930ರ ಮೇ 13ರಂದು ನಾನ್ಸೆನ್ ನಿಧನರಾದರು.

ಉಪಗ್ರಹಗಳು ಅಳೆಯತೊಡಗಿದ ಮೇಲೆ 2012ರ ಸೆಪ್ಟೆಂಬರಿನಲ್ಲಿ ಉತ್ತರ ಧ್ರುವದ ಹಿಮ ಅತಿ ಕಡಿಮೆ ವಿಸ್ತಾರಕ್ಕೆ ಇಳಿಯಿತು, ಸುಮಾರು 34 ಲಕ್ಷ ಚದರ ಕಿಲೋಮೀಟರ್. ಸೈಬೀರಿಯಾದ ಉತ್ತರಕ್ಕೆ, ಫ್ರಾಮ್ ತೇಲಿದ ಭಾಗದಲ್ಲೇ, ಹಗುರ ನೀರಿನ ಹೊದಿಕೆ ದುರ್ಬಲವಾಗಿ ಅಡಿಯ ಬೆಚ್ಚನೆಯ ನೀರು ಹಿಮಕ್ಕೆ ಹತ್ತಿರವಾಗುತ್ತಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. 2006ರ ಸೆಪ್ಟೆಂಬರಿನಲ್ಲಿ 'ತಾರಾ' ಎಂಬ ಫ್ರೆಂಚ್ ಹಡಗು ನಾನ್ಸೆನ್ ಅವರ ಮಾದರಿಯಲ್ಲೇ ಸೈಬೀರಿಯಾದ ಕಡೆ ಹಿಮದಲ್ಲಿ ಸಿಕ್ಕಿಕೊಂಡು ತೇಲಿತು. ಫ್ರಾಮ್ ಹೊರಬರಲು ಸುಮಾರು ಮೂರು ವರ್ಷ ಹಿಡಿದಿತ್ತು. ತೆಳುವಾದ, ವೇಗವಾಗಿ ಚಲಿಸುವ ಹಿಮ ತಾರಾವನ್ನು 2008ರ ಜನವರಿಯಲ್ಲೇ, ಹದಿನಾರು ತಿಂಗಳಲ್ಲಿ, ಹೊರಗೆ ತಂದುಬಿಟ್ಟಿತು.