ಬೆಮರ್ಟನ್ನಿನ ಪಾದ್ರಿ

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಾಗ್ಮಿಪದವಿಯಲ್ಲಿದ್ದು ರಾಜಾಶ್ರಯವನ್ನು ನಿರೀಕ್ಷಿಸಿದ್ದ ಆಂಗ್ಲಕವಿ ಜಾರ್ಜ್ ಹರ್ಬರ್ಟನು 1630ರಲ್ಲಿ ಸಾಲ್ಸ್‌ಬರಿಯ ಸಮೀಪದ ಬೆಮರ್ಟನ್ ಎಂಬ ಹಳ್ಳಿಗೆ ಪಾದ್ರಿಯಾಗಿ ಬಂದನು. ಊರವರೆಲ್ಲರೂ ಒಂದು ವರ್ಷದೊಳಗೆ ಸರದಿಯಂತೆ ಪಾದ್ರಿಯ ಮನೆಯಲ್ಲಿ ಉಣ್ಣಬೇಕು, ಬಡವನನ್ನು ಅವನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ತಾನೇ ಬಡಿಸಬೇಕು. ಗ್ರಾಮಪಾದ್ರಿಯ ಧರ್ಮವನ್ನು ಕುರಿತ ತನ್ನ ಗದ್ಯಗ್ರಂಥದಲ್ಲಿ ಹರ್ಬರ್ಟನು ವಿಧಿಸಿದ ನಿಯಮವಿದು. ಅವನ ಕವಿತೆಯೊಂದರಲ್ಲಿ ಪ್ರೇಮವೇ ಆತಿಥೇಯನಾಗಿ, ನಾಚಿ ಹಿಂಜರಿಯುವ ಅತಿಥಿಯನ್ನು ಊಟಕ್ಕೆ ಕೂರಿಸುತ್ತದೆ. ಈಸ್ಟರನ್ನು ಹಾಡಿದ ಇನ್ನೊಂದರ ಸಾಲುಗಳು ಕುಗ್ಗಿ, ಮತ್ತೆ ಹಿಗ್ಗಿ, ಹಾಳೆಯ ಮೇಲೆ ರೆಕ್ಕೆಗಳಾಗುತ್ತವೆ.

ಆ ಹಳ್ಳಿಯಲ್ಲಿ ಅವನಿಗೆ ದೊರೆತುದು ಎರಡೇ ಈಸ್ಟರ್. ಮೂರನೆಯದು ಬರುವ ಮುನ್ನವೇ, 1633ರ ಮಾರ್ಚ್ 1ರಂದು, 39ನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡನು. ನೊಂದ ಜೀವಕ್ಕೆ ಉಪಕಾರವಾಗುವುದಾದರೆ ಅಚ್ಚು ಹಾಕಿಸುವುದು, ಇಲ್ಲವಾದರೆ ಸುಟ್ಟುಬಿಡುವುದು ಎಂದು ಕವಿತೆಗಳ ಹಸ್ತಪ್ರತಿಯನ್ನು ಗೆಳೆಯ ನಿಕೊಲಸ್ ಫೆರರನಿಗೆ ಕಳುಹಿಸಿದ್ದನಂತೆ. ಗೆಳೆಯನು ಸುಡಲಿಲ್ಲ, ಅದೇ ವರ್ಷ ‘ದಿ ಟೆಂಪಲ್’ ಪ್ರಕಟವಾಯಿತು.