ಕಲಾಶ್ನಿಕೋವ್ ಅವರ ಕೊನೆಯ ಪ್ರಶ್ನೆ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಆ ವ್ರತಧಾರಿಯು ತ್ಯಜಿಸಬೇಕಾದ ಐದು ಬಗೆಯ ಕಾರ್ಯಗಳಲ್ಲಿ ಹಿಂಸಾದಾನ ಸೇರಿದೆ. ಕೊಡಲಿ, ಖಡ್ಗ, ಬೆಂಕಿ, ಸಂಕೋಲೆ ಮೊದಲಾದ ವಧಸಾಧನಗಳನ್ನು ಪರರಿಗೆ ಒದಗಿಸುವುದೇ ಹಿಂಸಾದಾನವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಈ ಭಾಗವನ್ನು ಓದುವಾಗಲೆಲ್ಲ ನನಗೆ ಮಿಖಾಯಿಲ್ ಕಲಾಶ್ನಿಕೋವ್ ನೆನಪಾಗುತ್ತಾರೆ.

1919ರ ನವೆಂಬರ್ 10ರಂದು ರಷ್ಯಾದ ಅಲ್ತಾಯ್ ಪ್ರಾಂತದ ಕುರ್ಯಾ ಗ್ರಾಮದ ಬಡ ರೈತನ ಮನೆಯಲ್ಲಿ ಅವರು ಜನಿಸಿದರು. ಸ್ಟಾಲಿನ್ ಆಡಳಿತವು 1930ರಲ್ಲಿ ಆ ಕುಟುಂಬಕ್ಕೆ ಶ್ರೀಮಂತ ರೈತರೆಂಬ ಹಣೆಪಟ್ಟಿ ಹಚ್ಚಿ, ಇದ್ದುದನ್ನು ಕಸಿದು ಸೈಬೀರಿಯದ ತೋಮ್ಸ್ಕ್ ಸೀಮೆಗೆ ಗಡೀಪಾರು ಮಾಡಿತು. ಬಾಲಕ ಮಿಖಾಯಿಲನಿಗೆ ಕವಿಯಾಗುವ ಆಸೆ. ಯಂತ್ರಗಳ ಮೇಲೂ ಅಷ್ಟೇ ಪ್ರೀತಿ. ತನ್ನ ಮನೆಯವರನ್ನು ಹೀಗೆ ಹೊರದೂಡಿದ ರಾಜ್ಯಕ್ಕೇ ಆತ ಮುಂದೆ ಆಯುಧ ರೂಪಿಸಿಕೊಟ್ಟದ್ದು ಕರ್ಮದ ವಿಚಿತ್ರ ಗತಿಯೆನ್ನಬೇಕು.

ಸೇನೆಯಲ್ಲಿ ಟ್ಯಾಂಕ್ ಚಾಲಕರಾಗಿದ್ದ ಅವರು 1941ರ ಅಕ್ಟೋಬರ್‌ನಲ್ಲಿ ಬ್ರ್ಯಾನ್ಸ್ಕ್ ಬಳಿಯ ಕದನದಲ್ಲಿ ತೀವ್ರವಾಗಿ ಗಾಯಗೊಂಡರು. ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಸೈನಿಕರು ಜರ್ಮನರ ಕೈಯಲ್ಲಿದ್ದ ಸ್ವಯಂಚಾಲಿತ ಬಂದೂಕುಗಳ ಬಗ್ಗೆ, ತಮ್ಮವರ ಕೊರತೆಯ ಬಗ್ಗೆ ಕೊರಗುತ್ತಿದ್ದರು. ಆ ಕೊರಗೇ ಅವರ ಜೀವನದ ದಿಕ್ಕನ್ನು ಬದಲಿಸಿತು. ಮೊದಲ ಮಾದರಿಗಳನ್ನು ಸೇನೆ ಸ್ವೀಕರಿಸಲಿಲ್ಲ. ಬಿಡದೆ ದುಡಿದು 1947ರಲ್ಲಿ ರೂಪಿಸಿದ ಎಕೆ-47 ರೈಫಲ್ 1949ರಲ್ಲಿ ಸೋವಿಯತ್ ಸೇನೆಗೆ ಸೇರಿತು. ಅಷ್ಟರಲ್ಲಿ ಯುದ್ಧ ಮುಗಿದು ನಾಲ್ಕು ವರ್ಷಗಳಾಗಿದ್ದವು!

ಅದರ ಚಲಿಸುವ ಭಾಗಗಳ ನಡುವೆ ಸಡಿಲವಾದ ಅಂತರವಿತ್ತು. ಆದ್ದರಿಂದ ಕೆಸರು, ಮರಳು ಹೊಕ್ಕರೂ ಅದು ಕೆಡುತ್ತಿರಲಿಲ್ಲ. ಹೆಚ್ಚು ತರಬೇತಿಯಿಲ್ಲದವರೂ ಅದನ್ನು ಬಿಚ್ಚಿ ಜೋಡಿಸಬಲ್ಲವರಾಗಿದ್ದರು. ಸೈನಿಕನಿಗೆ ವರವಾದ ಈ ಗುಣವೇ ಬಂಡುಕೋರರಿಗೂ ಭಯೋತ್ಪಾದಕರಿಗೂ, ಎಳೆಯ ಬಾಲಸೈನಿಕರಿಗೂ ಅನುಕೂಲವಾಯಿತು. ಈ ಬಗೆಯ ಬಂದೂಕುಗಳು ಜಗತ್ತಿನಲ್ಲಿ ಸುಮಾರು 10 ಕೋಟಿ ತಯಾರಾಗಿವೆಯೆಂದು ಅಂದಾಜು. ಮೊಜಾಂಬಿಕ್ ದೇಶದ ಧ್ವಜದಲ್ಲಿಯೂ ಅದರ ಚಿತ್ರವಿದೆ.

ಪ್ರಶಸ್ತಿಗಳು ಬಂದವು, ಸಂಪತ್ತು ಬರಲಿಲ್ಲ. ಇಝೆವ್ಸ್ಕ್ ನಗರದಲ್ಲಿ ಅವರು ಸರಳವಾಗಿಯೇ ಬಾಳಿದರು. ತಾನು ತಾಯ್ನಾಡಿನ ರಕ್ಷಣೆಗಾಗಿ ನಿರ್ಮಿಸಿದೆ, ದುರ್ಬಳಕೆಯ ಹೊಣೆ ರಾಜಕಾರಣಿಗಳದು ಎಂಬುದು ಬಹುಕಾಲ ಅವರ ಸಮಾಧಾನವಾಗಿತ್ತು. ಆಕ್ರಮಣವನ್ನು ಎದುರಿಸುವ ವಿರೋಧಿ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರನೆಂದು ನಮ್ಮ ಆಚಾರ್ಯರೂ ಒಪ್ಪಿದ್ದಾರೆ. ಗಾಯಾಳುವಿನ ಹಾಸಿಗೆಯಲ್ಲಿ ಮೂಡಿದ ಆ ಸಂಕಲ್ಪವನ್ನು ಕ್ರೌರ್ಯವೆನ್ನಲು ನನಗೆ ಮನಸ್ಸಾಗದು. ಆದರೆ ಸಾಧನವು ಕೈಬಿಟ್ಟು ಹೋದ ಮೇಲೆ ನಿರ್ಮಾತೃವಿನ ಭಾವವು ಅದರೊಡನೆ ಹೋಗುವುದಿಲ್ಲ.

ಇಳಿವಯಸ್ಸಿನಲ್ಲಿ ಆ ಸಮಾಧಾನ ಸಾಲದಾಯಿತು. 2012ರಲ್ಲಿ ಅವರು ರಷ್ಯಾದ ಆರ್ಥಡಾಕ್ಸ್ ಚರ್ಚಿನ ಪರಮಗುರು ಕಿರಿಲ್ ಅವರಿಗೆ ಪತ್ರ ಕಳುಹಿಸಿ, ತನ್ನ ಮನೋವೇದನೆ ಸಹಿಸಲಾಗದಂತಿದೆ ಎಂದು ತೋಡಿಕೊಂಡರು. ತನ್ನ ಬಂದೂಕು ಪ್ರಾಣಗಳನ್ನು ತೆಗೆದಿರುವಾಗ, ಸತ್ತವರು ಶತ್ರುಗಳೇ ಆಗಿದ್ದರೂ ಆ ದೋಷ ತನ್ನದೇ ಎಂಬುದು ಅವರ ಪ್ರಶ್ನೆ. ನಾಡಿನ ರಕ್ಷಣೆಗಾಗಿ ಆಯುಧ ನಿರ್ಮಿಸುವವರನ್ನು ಚರ್ಚು ಬೆಂಬಲಿಸುತ್ತದೆ ಎಂಬುದು ಚರ್ಚಿನ ನಿಲುವಾಗಿತ್ತು.

2013ರ ಡಿಸೆಂಬರ್ 23ರಂದು, 94ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಪತ್ರದ ವಿಷಯ ಲೋಕಕ್ಕೆ ತಿಳಿದದ್ದು ಮರುತಿಂಗಳು. 2017ರಲ್ಲಿ ಮಾಸ್ಕೋದಲ್ಲಿ ನಿಲ್ಲಿಸಿದ ಅವರ ಪ್ರತಿಮೆಯ ಕೈಯಲ್ಲಿ ಅದೇ ಬಂದೂಕು ಇದೆ.