ಕಿತ್ತೂರಿನ ರಾಣಿಯನ್ನು ಬೆಳ್ಳಿತೆರೆಗೆ ತಂದ ಬಿ.ಆರ್. ಪಂತುಲು

ಹಾವೇರಿ: ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಸಾಗುವ ರೈಲು ರಾಣೆಬೆನ್ನೂರು ಮತ್ತು ಬ್ಯಾಡಗಿಗಳನ್ನು ದಾಟಿ ಹಾವೇರಿಗೆ ಬರುತ್ತದೆ. ಆ ನಿಲ್ದಾಣಕ್ಕೆ ಹುತಾತ್ಮ ಮೈಲಾರ ಮಹದೇವಪ್ಪನವರ ಹೆಸರಿದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರಾದ ಮಹದೇವಪ್ಪ 1911ರಲ್ಲಿ ಜನಿಸಿದರು, 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ಹೆಜ್ಜೆ ಹಾಕಿದರು ಮತ್ತು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷ್ ಆಡಳಿತದ ಗುಂಡಿಗೆ ಬಲಿಯಾದರು. ಅದೇ 1911ರಲ್ಲಿ, ನಾಡಿನ ಇನ್ನೊಂದು ತುದಿಯಲ್ಲಿ ಮತ್ತೊಬ್ಬರು ಜನಿಸಿದರು. ಅವರು ಬಂದೂಕು ಹಿಡಿಯಲಿಲ್ಲ, ಸೆರೆಮನೆಗೂ ಹೋಗಲಿಲ್ಲ. ಆದರೆ ಸಾಮ್ರಾಜ್ಯಶಾಹಿಯ ವಿರುದ್ಧ ದಕ್ಷಿಣ ಭಾರತ ನಡೆಸಿದ ಹೋರಾಟದ ಕಥೆಯನ್ನು ಲಕ್ಷಾಂತರ ಜನರ ಕಣ್ಣೆದುರು ನಿಲ್ಲಿಸಿದರು. ಅವರೇ ಬೂದಗೂರು ರಾಮಕೃಷ್ಣಯ್ಯ ಪಂತುಲು, ಅಂದರೆ ಚಿತ್ರರಂಗದ ಬಿ.ಆರ್. ಪಂತುಲು.

ಗಡಿಸೀಮೆಯ ಶಿಕ್ಷಕ

ಪಂತುಲು ಅವರು ಹುಟ್ಟಿದ್ದು 1911ರ ಜುಲೈ 26ರಂದು, ಕೋಲಾರ ಮತ್ತು ಕುಪ್ಪಂ ನಡುವಣ ಗಡಿಸೀಮೆಯಲ್ಲಿ. ಕನ್ನಡ, ತೆಲುಗು ಮತ್ತು ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ನೆಲ ಅದು. ಮುಂದೆ ಅವರು ಈ ಮೂರು ಭಾಷೆಗಳಲ್ಲದೆ ಹಿಂದಿಯಲ್ಲಿಯೂ ಚಿತ್ರ ನಿರ್ದೇಶಿಸಿದರೆಂದರೆ ಅದಕ್ಕೆ ಅಡಿಪಾಯ ಅಲ್ಲಿಯೇ ಬಿದ್ದಿತ್ತು. ಮೊದಲು ಶಿಕ್ಷಕ ವೃತ್ತಿಯಲ್ಲಿದ್ದ ಅವರನ್ನು ರಂಗಭೂಮಿ ಸೆಳೆಯಿತು. ಚಂದ್ರಕಲಾ ನಾಟಕ ಮಂಡಳಿಯನ್ನು ಸೇರಿದ ಅವರು, ಅಲ್ಲಿ ಜನಪ್ರಿಯವಾಗಿದ್ದ ಸಂಸಾರ ನೌಕೆ ನಾಟಕವು 1936ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ನಿರ್ದೇಶನದಲ್ಲಿ ಚಲನಚಿತ್ರವಾದಾಗ ಅದರ ನಾಯಕರಾದರು. ನಾಯಕಿ ಎಂ.ವಿ. ರಾಜಮ್ಮ. ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನ ತೆರೆಕಂಡು ಆಗ ಎರಡು ವರ್ಷವಷ್ಟೇ ಆಗಿತ್ತು. ಪೌರಾಣಿಕ ಕಥೆಗಳ ನಡುವೆ ಬಂದ ಈ ಚಿತ್ರವನ್ನು ಕನ್ನಡದ ಪ್ರಥಮ ಸಾಮಾಜಿಕ ಚಿತ್ರವೆಂದು ಗುರುತಿಸಲಾಗಿದೆ.

ಅಂದಿನ ಚಿತ್ರ ತಯಾರಕರ ಕೈಗಳು ಮುಕ್ತವಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1918ರ ಸಿನಿಮಾಟೋಗ್ರಾಫ್ ಕಾಯಿದೆಯನ್ವಯ ಮದರಾಸು, ಮುಂಬಯಿ ಮತ್ತು ಕಲ್ಕತ್ತಾಗಳಲ್ಲಿ ಸೆನ್ಸಾರ್ ಮಂಡಳಿಗಳು ಸ್ಥಾಪನೆಯಾಗಿದ್ದವು. ವಿದುರನ ಪಾತ್ರದಲ್ಲಿ ಗಾಂಧೀಜಿಯ ಛಾಯೆ ಕಂಡಿತೆಂಬ ಕಾರಣಕ್ಕೆ 1921ರ ಮೂಕಿಚಿತ್ರ ಭಕ್ತ ವಿದುರ ಮದರಾಸಿನಲ್ಲಿ ನಿಷೇಧಕ್ಕೊಳಗಾಯಿತು. ಕೆ. ಸುಬ್ರಹ್ಮಣ್ಯಂ ನಿರ್ದೇಶನದ ತಮಿಳು ಚಿತ್ರ ತ್ಯಾಗಭೂಮಿಗೂ ಅದೇ ಗತಿಯಾಯಿತು. ಇಂತಹ ಕಾಲದಲ್ಲಿ ಕಂಪನಿ ಸರ್ಕಾರದ ವಿರುದ್ಧ ಖಡ್ಗವೆತ್ತಿದ ರಾಣಿಯ ಕಥೆಯನ್ನು ತೆರೆಗೆ ತರುವುದು ಊಹೆಗೂ ನಿಲುಕದ ಮಾತಾಗಿತ್ತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1947ರ ಆರಂಭದಲ್ಲಿ ತೆರೆಕಂಡ ತಮಿಳು ಚಿತ್ರ ನಾಂ ಇರುವರ್ ದೇಶಭಕ್ತಿಯ ಅಲೆಯನ್ನೇ ಎಬ್ಬಿಸಿತು. ಅದರ ನಟವರ್ಗದಲ್ಲಿ ಪಂತುಲು ಅವರೂ ಇದ್ದರು.

ಪದ್ಮಿನಿ ಪಿಕ್ಚರ್ಸ್ ಉದಯ

ನಟನಾಗಿ ಎರಡು ದಶಕ ಸವೆಸಿದ ಬಳಿಕ ಅವರು ನಿರ್ಮಾಣಕ್ಕಿಳಿದರು. ನಿರ್ದೇಶಕ ಪಿ. ನೀಲಕಂಠನ್ ಅವರ ಸಹಯೋಗದಲ್ಲಿ ಪದ್ಮಿನಿ ಪಿಕ್ಚರ್ಸ್ ಸಂಸ್ಥೆ ರೂಪುಗೊಂಡಿತು. 1957ರಲ್ಲಿ ಕನ್ನಡದ ರತ್ನಗಿರಿ ರಹಸ್ಯ ಮತ್ತು ಅದರ ತಮಿಳು ರೂಪದ ಮೂಲಕ ಪಂತುಲು ನಿರ್ದೇಶಕರಾದರು. ಮರುವರ್ಷ ತೆರೆಕಂಡ ಸ್ಕೂಲ್ ಮಾಸ್ಟರ್ ಚಿತ್ರದಲ್ಲಿ ನಿವೃತ್ತ ಶಿಕ್ಷಕನ ಪಾತ್ರವನ್ನು ತಾವೇ ವಹಿಸಿದರು. ಮಕ್ಕಳಿಂದ ಕಡೆಗಣಿಸಲ್ಪಟ್ಟ ವೃದ್ಧ ದಂಪತಿಯ ಆ ಕಥೆ ಮನೆಮನೆಯ ಮಾತಾಯಿತು, ಹಲವು ಭಾಷೆಗಳಲ್ಲಿ ಮರುಹುಟ್ಟು ಪಡೆಯಿತು. ಅವರ ಬಳಿ ಸಹಾಯಕರಾಗಿ ದುಡಿದ ಪುಟ್ಟಣ್ಣ ಕಣಗಾಲ್ 1964ರಲ್ಲಿ ಇದೇ ಕಥೆಯನ್ನು ಮಲಯಾಳದಲ್ಲಿ ನಿರ್ದೇಶಿಸಿ ಸ್ವತಂತ್ರ ನಿರ್ದೇಶಕರಾದರು.

ಸಾಮ್ರಾಜ್ಯದ ವಿರುದ್ಧ ಮೂರು ಚಿತ್ರಗಳು

1959ರಿಂದ 1961ರವರೆಗಿನ ಮೂರು ವರ್ಷಗಳು ಪಂತುಲು ಅವರ ಜೀವನದಲ್ಲಿ ವಿಶಿಷ್ಟವಾದವು. ಈ ಅವಧಿಯಲ್ಲಿ ಅವರು ಬ್ರಿಟಿಷ್ ಆಳ್ವಿಕೆಯನ್ನು ಪ್ರತಿಭಟಿಸಿದ ಮೂವರ ಜೀವನಗಳನ್ನು ತೆರೆಗೆ ತಂದರು. ಮೊದಲನೆಯದು 1959ರ ವೀರಪಾಂಡಿಯ ಕಟ್ಟಬೊಮ್ಮನ್. ಕಪ್ಪ ಕೊಡಲೊಪ್ಪದೆ 1799ರಲ್ಲಿ ಗಲ್ಲಿಗೇರಿದ ಪಾಂಚಾಲಂಕುರಿಚಿಯ ಪಾಳೆಯಗಾರನ ಪಾತ್ರದಲ್ಲಿ ಶಿವಾಜಿ ಗಣೇಶನ್ ಅಭಿನಯಿಸಿದರು. 1960ರಲ್ಲಿ ಕೈರೋ ನಗರದಲ್ಲಿ ನಡೆದ ಆಫ್ರೋ-ಏಷ್ಯನ್ ಚಿತ್ರೋತ್ಸವದಲ್ಲಿ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಆಗಷ್ಟೇ ವಸಾಹತು ಆಳ್ವಿಕೆಯಿಂದ ಹೊರಬರುತ್ತಿದ್ದ ಎರಡು ಖಂಡಗಳ ವೇದಿಕೆಯಲ್ಲಿ ಈ ಚಿತ್ರಕ್ಕೆ ಮನ್ನಣೆ ಸಂದಿತೆಂಬುದು ಗಮನಾರ್ಹ.

ಎರಡನೆಯದು 1961ರ ಕಿತ್ತೂರು ಚೆನ್ನಮ್ಮ. ಬಿ. ಸರೋಜಾದೇವಿ ರಾಣಿಯಾಗಿ, ರಾಜ್‌ಕುಮಾರ್ ಮಲ್ಲಸರ್ಜ ದೇಸಾಯಿಯಾಗಿ, ರಾಜಮ್ಮ ಹಿರಿಯ ರಾಣಿ ರುದ್ರಮ್ಮನಾಗಿ ನಟಿಸಿದರು. ಸಂಗೀತ ಟಿ.ಜಿ. ಲಿಂಗಪ್ಪ ಅವರದು. ಚಿತ್ರಕ್ಕೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಕನ್ನಡ ವಿಭಾಗದಲ್ಲಿಯೂ ಗೌರವ ಸಂದಿತು. ಅದೇ ವರ್ಷದ ಮೂರನೆಯ ಚಿತ್ರ ಕಪ್ಪಲೋಟ್ಟಿಯ ತಮಿಳನ್. 1906ರಲ್ಲಿ ಸ್ವದೇಶಿ ಹಡಗು ಕಂಪನಿ ಸ್ಥಾಪಿಸಿ, ಬ್ರಿಟಿಷ್ ಹಡಗು ವ್ಯಾಪಾರಕ್ಕೆ ಸವಾಲೆಸೆದು, ಕೊನೆಗೆ ಸೆರೆಮನೆಯಲ್ಲಿ ಗಾಣ ಎಳೆದ ವಿ.ಒ. ಚಿದಂಬರಂ ಪಿಳ್ಳೈ ಅವರ ಜೀವನಚರಿತ್ರೆ ಅದು. ಪ್ರಶಸ್ತಿ ಬಂದರೂ ಹಣ ಬರಲಿಲ್ಲ, ಪಂತುಲು ನಷ್ಟ ಅನುಭವಿಸಿದರು. 1953ರಲ್ಲಿ ಝಾನ್ಸಿ ಕಿ ರಾಣಿಯನ್ನು ವರ್ಣದಲ್ಲಿ ತೆಗೆದ ಮುಂಬಯಿಯ ಸೊಹ್ರಾಬ್ ಮೋದಿ ಅವರಿಗೂ ಇದೇ ಅನುಭವವಾಗಿತ್ತು. ದೇಶದ ಕಥೆ ಹೇಳುವವರಿಗೆ ದೇಶದ ಪ್ರೇಕ್ಷಕರು ಸದಾ ಹಣ ತೆರುವುದಿಲ್ಲ ಎಂಬ ಪಾಠವನ್ನು ಇಬ್ಬರೂ ಕಲಿಯಬೇಕಾಯಿತು.

ಒಂದಾದ ನಾಡಿಗೆ ಒಂದು ಕಥೆ

ಕಿತ್ತೂರು ಚೆನ್ನಮ್ಮ ತೆರೆಕಂಡ ಕಾಲದ ಮಹತ್ವ ಹಾವೇರಿ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ಪೇಶ್ವೆಯ ಪತನಾನಂತರ 1818ರಲ್ಲಿ ಬ್ರಿಟಿಷರ ವಶವಾದ ಈ ಭಾಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ತಾಲ್ಲೂಕುಗಳು ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಮೈಸೂರು ಸಂಸ್ಥಾನದ ಕನ್ನಡಿಗರ ಪಠ್ಯ, ನಾಟಕ ಮತ್ತು ಸಿನಿಮಾ ಒಂದು ಬಗೆಯದಾದರೆ, ಇಲ್ಲಿನವರ ಬದುಕಿನ ಮೇಲೆ ಮುಂಬಯಿಯ ನೆರಳು ಗಾಢವಾಗಿತ್ತು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಒಂದಾದ ನಾಡಿಗೆ ಹಂಚಿಕೊಳ್ಳಲು ಒಂದು ಕಥೆ ಬೇಕಾಗಿತ್ತು. ಐದು ವರ್ಷಗಳ ನಂತರ ಅದನ್ನು ಒದಗಿಸಿದವರು ಉತ್ತರದವರೂ ಅಲ್ಲ, ಹಳೆ ಮೈಸೂರಿನ ನಡುನಾಡಿನವರೂ ಅಲ್ಲ. ಮೂರು ಭಾಷೆಗಳ ಗಡಿಯಲ್ಲಿ ಹುಟ್ಟಿದ, ಮದರಾಸಿನಲ್ಲಿ ನೆಲೆಸಿ ಚಿತ್ರ ತೆಗೆಯುತ್ತಿದ್ದ ಪಂತುಲು. ಉತ್ತರದ ಒಂದು ಸಂಸ್ಥಾನದ ರಾಣಿ ಹೀಗೆ ದಕ್ಷಿಣದ ಹಳ್ಳಿಗಳಿಗೂ ನಮ್ಮವಳಾದಳು.

ಆದರೆ ಚಲನಚಿತ್ರ ಇತಿಹಾಸವಲ್ಲ. ಮಲ್ಲಸರ್ಜ ತೀರಿಕೊಂಡದ್ದು 1816ರಲ್ಲಿ. ಕಿತ್ತೂರಿನ ಯುದ್ಧ ನಡೆದದ್ದು ಅದಾಗಿ ಎಂಟು ವರ್ಷಗಳ ಮೇಲೆ. ಅವನ ಮಗ ಶಿವಲಿಂಗರುದ್ರ ಸರ್ಜ 1824ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಮಾಡಿಕೊಂಡಿದ್ದ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಕೋಟೆಯ ಖಜಾನೆಗೆ ಮುದ್ರೆ ಒತ್ತಿಸಿದ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಹತನಾದ, ಡಿಸೆಂಬರ್‌ನಲ್ಲಿ ಕೋಟೆ ಬಿದ್ದಿತು. ರಾಣಿ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದಳು. ಉತ್ತರಾಧಿಕಾರ, ಕಂದಾಯ ಮತ್ತು ಕಂಪನಿಯ ಅಧಿಕಾರ ವಿಸ್ತರಣೆಯ ಈ ಜಟಿಲ ಕಥೆ ತೆರೆಯ ಮೇಲೆ ವೀರ ಮತ್ತು ದ್ರೋಹಿಗಳ ನೇರ ಮುಖಾಮುಖಿಯಾಗುತ್ತದೆ. ಕಟ್ಟಬೊಮ್ಮನ ವಿಷಯದಲ್ಲಿಯೂ ಇತಿಹಾಸಕಾರರ ನಡುವೆ ವಾಗ್ವಾದ ನಡೆದಿದೆ. ಚಿತ್ರದಿಂದ ಆಸಕ್ತಿ ಮೂಡಲಿ, ದಾಖಲೆಯಿಂದ ತಿಳಿವಳಿಕೆ ಬರಲಿ ಎಂಬ ಎಚ್ಚರ ಇಂದಿನ ವೀಕ್ಷಕನಿಗೆ ಅಗತ್ಯ.

ವಿಜಯನಗರದ ವೈಭವ

1964ರಲ್ಲಿ ಮಹಾಭಾರತದ ಕಥಾವಸ್ತುವಿನ ಕರ್ಣನ್, ಅದೇ ವರ್ಷ ಜಯಲಲಿತಾ ಅವರನ್ನು ನಾಯಕಿಯಾಗಿ ಪರಿಚಯಿಸಿದ ಕನ್ನಡದ ಚಿನ್ನದ ಗೊಂಬೆ, 1965ರಲ್ಲಿ ಎಂ.ಜಿ. ರಾಮಚಂದ್ರನ್ ನಾಯಕರಾಗಿದ್ದ ಆಯಿರತ್ತಿಲ್ ಒರುವನ್, ಬಳಿಕ ರಾಜ್‌ಕುಮಾರ್ ಅಭಿನಯದ ಎಮ್ಮೆ ತಮ್ಮಣ್ಣ, ಬೀದಿ ಬಸವಣ್ಣ ಮುಂತಾದ ಲಘು ಧಾಟಿಯ ಚಿತ್ರಗಳು ಬಂದವು. 1970ರಲ್ಲಿ ಪಂತುಲು ಮತ್ತೆ ಇತಿಹಾಸಕ್ಕೆ ಮರಳಿದರು. ಈ ಬಾರಿ ಆರಿಸಿಕೊಂಡದ್ದು ಸಾಮ್ರಾಜ್ಯವನ್ನು ಎದುರಿಸಿದವರನ್ನಲ್ಲ, ಸಾಮ್ರಾಜ್ಯವನ್ನೇ ಆಳಿದವನನ್ನು. ಶ್ರೀಕೃಷ್ಣದೇವರಾಯ ಚಿತ್ರದಲ್ಲಿ ರಾಜ್‌ಕುಮಾರ್ ಚಕ್ರವರ್ತಿಯಾದರೆ, ಪಂತುಲು ಮಹಾಮಂತ್ರಿ ತಿಮ್ಮರಸುವಾದರು. ಸಿಂಹಾಸನಕ್ಕೆ ನಿಷ್ಠನಾಗಿದ್ದು ಅದರಿಂದಲೇ ನೋವುಂಡ ಮುದುಕನ ಪಾತ್ರಕ್ಕಾಗಿ ಅವರಿಗೆ ರಾಜ್ಯ ಸರ್ಕಾರದ ಶ್ರೇಷ್ಠ ನಟ ಪ್ರಶಸ್ತಿ ಸಂದಿತು. ವಿಜಯನಗರದ ಕಾಲದಲ್ಲಿ ಬಾಡ ಗ್ರಾಮದಲ್ಲಿ ಹುಟ್ಟಿ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಹಾಡಿದ ಕನಕದಾಸರ ನಾಡಿಗೆ ಆ ಯುಗವೇನೂ ದೂರದ್ದಾಗಿರಲಿಲ್ಲ.

ಕೊನೆಯ ಯೋಜನೆಯೂ ಐತಿಹಾಸಿಕವೇ ಆಗಿತ್ತು. ಪಾಂಡ್ಯ ರಾಜನ ಕಥೆಯುಳ್ಳ ಮಧುರೈ ಮೀಟ್ಟ ಸುಂದರಪಾಂಡಿಯನ್ ತಮಿಳು ಚಿತ್ರದ ಕೆಲಸ ಮುಗಿಯುವ ಮೊದಲೇ, 1974ರ ಅಕ್ಟೋಬರ್ 8ರಂದು ಪಂತುಲು ನಿಧನರಾದರು. ಚಿತ್ರವನ್ನು ನಾಯಕ ನಟ ರಾಮಚಂದ್ರನ್ ಅವರೇ ನಿರ್ದೇಶಿಸಿ ಪೂರ್ಣಗೊಳಿಸಿದರು. ಪಂತುಲು ಅವರ ಪುತ್ರಿ ಬಿ.ಆರ್. ವಿಜಯಲಕ್ಷ್ಮಿ ಮುಂದೆ ಛಾಯಾಗ್ರಾಹಕಿಯಾಗಿ, ಪುರುಷರಿಗೆ ಮೀಸಲೆಂಬಂತಿದ್ದ ಆ ವಿಭಾಗದಲ್ಲಿ ಹೊಸ ದಾರಿ ತೆರೆದರು.

ಉಳಿದಿರುವ ಪ್ರಶ್ನೆ

2024ರ ಅಕ್ಟೋಬರ್‌ನಲ್ಲಿ ಎರಡು ನೆನಪುಗಳು ಒಟ್ಟಿಗೆ ಬಂದವು. ಕಿತ್ತೂರಿನ ವಿಜಯಕ್ಕೆ 200 ವರ್ಷ ತುಂಬಿತು, ಪಂತುಲು ಅವರ ನಿಧನಕ್ಕೆ 50 ವರ್ಷ. ಮೊದಲನೆಯದು ಸಡಗರದಿಂದ ಆಚರಣೆಗೊಂಡಿತು. ಮರುವರ್ಷ, 2025ರ ಜುಲೈ 14ರಂದು, ತೆರೆಯ ಮೇಲಿನ ಚೆನ್ನಮ್ಮ ಬಿ. ಸರೋಜಾದೇವಿ ಅವರೂ ಕಣ್ಮರೆಯಾದರು. ತಮಿಳಿನ ಕರ್ಣನ್ ಡಿಜಿಟಲ್ ರೂಪದಲ್ಲಿ ಪುನಶ್ಚೇತನಗೊಂಡು 2012ರಲ್ಲಿ ಮತ್ತೆ ಚಿತ್ರಮಂದಿರಗಳನ್ನು ತುಂಬಿಸಿತ್ತು. ಪಂತುಲು ಅವರ ಕನ್ನಡದ ಚಿತ್ರಗಳೂ ಅಂತಹ ಆರೈಕೆಗೆ ಅರ್ಹವಾಗಿವೆ.

ಜನರ ನೆನಪಿನಲ್ಲಿ ಯಾರು ಉಳಿಯುತ್ತಾರೆಂಬುದನ್ನು ಬಹುಮಟ್ಟಿಗೆ ಕಥೆ ಹೇಳುವವರು ನಿರ್ಧರಿಸುತ್ತಾರೆ. ಚೆನ್ನಮ್ಮನಿಗೆ ಒಬ್ಬ ಪಂತುಲು ದೊರೆತರು. ಅದೇ ಪಂತುಲು ಅವರ ಓರಗೆಯವರಾಗಿದ್ದ ಮೋಟೆಬೆನ್ನೂರಿನ ಮಹದೇವಪ್ಪನವರಿಗೆ ಅಷ್ಟು ಜನಪ್ರಿಯವಾದ ಚಿತ್ರ ದೊರೆಯಲಿಲ್ಲ. ಅವರ ಹೆಸರು ರೈಲು ನಿಲ್ದಾಣದ ಫಲಕದ ಮೇಲಿದೆ. ಅದನ್ನು ಓದಿ ಮುಂದೆ ಸಾಗುವ ಪ್ರಯಾಣಿಕರಿಗೆ ಆ ಹೆಸರಿನ ಹಿಂದಿನ ಕಥೆಯನ್ನು ಹೇಳುವ ಕೆಲಸ ಇನ್ನೂ ಬಾಕಿ ಇದೆ.